ಇಪ್ಪತ್ತಾರು ವರ್ಷದ ಪರವಾಗಿಲ್ಲ

ಬರೀ ‘ಗುಡ್’ ಅಂದರೆ ನನಗೆ ಒಗ್ಗರಣೆ ಇಲ್ಲದ ಮಜ್ಜಿಗೆಹುಳಿ ಉಂಡ ಹಾಗೆ. ಮಾರೇನಹಳ್ಳಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು ನಾನು. ‘ಗುಡ್’ಗೆ ಮುಂಚೆ ‘ವೆರಿ’ ಆದರೂ ಇರಲಿ, ಕೈಲಾದರೆ ‘ಎಕ್ಸ್‌ಟ್ರೀಮ್ಲಿ’ ಹಾಕಿ ಅಂತ ಮಕ್ಕಳಿಗೆ ಹೇಳಿ ಹೇಳಿ, ಈಗ ಅವರ ರಜಾ ಚೀಟಿಗಳಲ್ಲಿ ಅಜ್ಜಿಯರೆಲ್ಲ ‘ಅಬ್ಸಲ್ಯೂಟ್ಲಿ ಸೀರಿಯಸ್’ ಆಗಿದ್ದಾರೆ. ಮನೆಯ ಹೊಸ್ತಿಲು ದಾಟಿದರೆ ಮಾತ್ರ ನಾನು ಬೇರೆ ಮನುಷ್ಯ. ಹೆಂಡತಿ ಶಾರದೆ ಬಡಿಸಿ “ಹೇಗಿದೆ ರೀ?” ಅಂತ ಕೇಳಿದರೆ ಇಪ್ಪತ್ತಾರು ವರ್ಷದಿಂದ ನನ್ನದು ಒಂದೇ ಉತ್ತರ: “ಪರವಾಗಿಲ್ಲ.” ನಮ್ಮಪ್ಪನೂ ಅಷ್ಟೇ ಅನ್ನುತ್ತಿದ್ದರು. ಅದಕ್ಕಿಂತ ಜಾಸ್ತಿ ಹೊಗಳುವುದು ನಮ್ಮ ವಂಶದಲ್ಲೇ ಇಲ್ಲ.

ಮೊನ್ನೆ ಹಿಂದಿನ ಬೀದಿಯ ಗಿರಿಜಕ್ಕ, ಹುಬ್ಬಳ್ಳಿ ಕಡೆಯವರು, ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದರು. ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದಲ್ಲ, ಶಾರದೆ ಕೋಡುಬಳೆ ತುಂಬಿದಳು. ನಾನು ತೆಪ್ಪಗಿರಬಾರದಿತ್ತೇ? ಮೇಷ್ಟ್ರ ಕೈ ಕೇಳಬೇಕಲ್ಲ. ಒಂದು ಚೀಟಿ ಬರೆದು ಒಳಗಿಟ್ಟೆ: ‘ಅಬ್ಸಲ್ಯೂಟ್ಲಿ ಡಿಲಿಶಿಯಸ್, ಎಕ್ಸ್‌ಟ್ರೀಮ್ಲಿ ಸಾಫ್ಟ್, ಟ್ರೂಲಿ ವಂಡರ್‌ಫುಲ್.’ ಗಿರಿಜಕ್ಕ ಅದನ್ನು ಮಾರನೇ ದಿನ ತರಕಾರಿ ಗಾಡಿ ಹತ್ತಿರ ಶಾರದೆಗೇ ಓದಿ ಹೇಳಿದ್ದಾರೆ. “ನಿಮ್ಮ ಮನಿಯವ್ರು ಎಷ್ಟ ಛಲೋ ಹೊಗಳ್ತಾರ್ರಿ! ನಿಮಗಂತೂ ದಿನಾ ಹಬ್ಬ ಬಿಡ್ರಿ!”

ಅವತ್ತಿನಿಂದ ಶಾರದೆ “ಹೇಗಿದೆ?” ಅಂತ ಕೇಳುವುದನ್ನೇ ಬಿಟ್ಟಳು. ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಸ್ವಾಮಿ. ಯಾರೂ ಹೇಗಿದೆ ಅಂತ ಕೇಳದ ಊಟ ರುಚಿಸಲೇ ಇಲ್ಲ. ಮೂರನೇ ದಿನ, ತುತ್ತು ಬಾಯಿಗಿಡುವ ಮೊದಲೇ ಶುರು ಹಚ್ಚಿಕೊಂಡೆ: “ಹುಳಿ ಅಬ್ಸಲ್ಯೂಟ್ಲಿ ವಂಡರ್‌ಫುಲ್ ಕಣೇ!”

“ಉಪ್ಪೇ ಹಾಕಿಲ್ಲ,” ಅಂದಳು.

ತಿಂದು ನೋಡಿದೆ. ಹಾಕಿರಲಿಲ್ಲ.

“ನಿಮ್ಮ ಪರವಾಗಿಲ್ಲವೇ ವಾಸಿ,” ಅಂತ ಉಪ್ಪಿನ ಡಬ್ಬಿ ತಂದಿಟ್ಟಳು. “ತಿಂದಾದ್ರೂ ಹೇಳ್ತಿದ್ರಿ.”

ನಾನು ಉಪ್ಪು ಕಲಸಿ, ತಟ್ಟೆ ಬರಿದು ಮಾಡಿದೆ. ಆಗ ಅಡುಗೆಮನೆಯಿಂದ ಮೆಲ್ಲಗೆ, “ಹೇಗಿದೆ ರೀ?” ಅಂತ ಕೇಳಿಸಿತು. ಹೋದ ಜೀವ ಬಂದಂತಾಯಿತು. ನಾಲಿಗೆ ತುದಿಗೆ ಬಂದಿದ್ದ ‘ಎಕ್ಸ್‌ಟ್ರೀಮ್ಲಿ’ಯನ್ನು ನುಂಗಿಕೊಂಡು, “ಪರವಾಗಿಲ್ಲ” ಅಂದೆ. ಬಂದು ಇನ್ನೊಂದು ಸೌಟು ಬಡಿಸಿದಳು.

ಅದೇ ಗುಂಗಿನಲ್ಲಿ ಮರುದಿನ ಶಾಲೆಯಲ್ಲಿ, ತುಂಬ ಚೆನ್ನಾಗಿ ಬರೆದಿದ್ದ ಹುಡುಗಿಯೊಬ್ಬಳ ಪ್ರಬಂಧದ ಕೆಳಗೆ ‘ಪರವಾಗಿಲ್ಲ’ ಅಂತ ಬರೆದುಬಿಟ್ಟೆ. ಸಂಜೆ ಅವಳ ತಾಯಿ ಜಗಳಕ್ಕೇ ಬಂದರು. ನಮ್ಮ ಮನೆಯಲ್ಲಿ ಅದಕ್ಕೇ ಎರಡನೇ ಸೌಟು ಬೀಳುವುದು ಅಂತ ಆಯಮ್ಮನಿಗೆ ಯಾವ ಬಾಯಲ್ಲಿ ಹೇಳಲಿ?