ಒಂದೂವರೆ ಲಕ್ಷದ ಅಳಿಯ

ಷಡಕ್ಷರಿ ಹೇಳಿದ ಸುಳ್ಳು ತೀರಾ ದೊಡ್ಡದೇನಲ್ಲ. ಲೆಕ್ಕ ಹಾಕಿದರೆ ಎರಡು ಸಾವಿರದ ಏಳುನೂರು ರೂಪಾಯಿಯಷ್ಟು ಸುಳ್ಳು.

ಹೋದ ತಿಂಗಳು ಗುಬ್ಬಿಯ ಅತ್ತೆಮನೆಯಲ್ಲಿ ಊಟಕ್ಕೆ ಕೂತಾಗ ಕುಣಿಗಲ್ಲಿನ ಷಡ್ಡಕ ರೇಣುಕಾಪ್ರಸಾದ್, "ನನ್ ಕ್ರೆಡಿಟ್ ಕಾರ್ಡ್ ಲಿಮಿಟ್ಟು ಒಂದೂವರೆ ಲಕ್ಷ ಅತ್ತೆ" ಅಂದ. ಅತ್ತೆ ಗಂಗಾಂಬಿಕೆಯವರಿಗೆ ಲಿಮಿಟ್ಟು ಅಂದರೇನು ಗೊತ್ತಿರಲಿಲ್ಲ, ಲಕ್ಷ ಅಂದರೆ ಚೆನ್ನಾಗಿ ಗೊತ್ತಿತ್ತು. ತುಪ್ಪದ ಗಿಂಡಿ ನೇರವಾಗಿ ಕಿರಿಯಳಿಯನ ಹೋಳಿಗೆ ಮೇಲೆ ಬಗ್ಗಿತು. ಹಿರಿಯಳಿಯ ಷಡಕ್ಷರಿಯ ಎಲೆಗೆ ಬರುವಷ್ಟರಲ್ಲಿ ಅದರಲ್ಲಿ ಉಳಿದದ್ದು ಎರಡು ತೊಟ್ಟು. ಹೊಟ್ಟೆ ಉರಿಯಿತು. "ನಂದೂ ಒಂದೂವರೆನೇ ಅತ್ತೆ" ಅಂದುಬಿಟ್ಟ.

"ಹೌದಾ ಅಣ್ಣ?" ರೇಣುಕಾಪ್ರಸಾದ್ ಹುಬ್ಬೇರಿಸಿದ. "ನಮ್ ಮಗಳು ಇಂಪನಾ ಬರ್ತ್‌ಡೇಗೆ ಎಲ್ರೂ ಇಲ್ಲೇ ಸೇರ್ತೀವಲ್ಲ, ಅವತ್ತು ಮೊಬೈಲಲ್ಲಿ ತೋರ್ಸಿ."

ಆ ಬರ್ತ್‌ಡೇ ಇವತ್ತು ಸಂಜೆ. ಮೊಬೈಲಿನಲ್ಲಿದ್ದ ಲಿಮಿಟ್ಟು 1,47,300.

ತುಮಕೂರಿನ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿದ್ದ ಷಡಕ್ಷರಿಗೆ ಆ ಏಳು, ಆ ಮೂರು ಕಣ್ಣಿಗೆ ಬಿದ್ದ ಕಸದ ಹಾಗೆ ಚುಚ್ಚುತ್ತಿದ್ದವು. ಬಟವಾಡಿಯ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು ಬೆಳಿಗ್ಗೆಯೇ ಬ್ಯಾಂಕಿನ ಆ್ಯಪ್ ತೆಗೆದ. 'ಲಿಮಿಟ್ ಬದಲಿಸಿ' ಎಂದಿದ್ದ ಕಡೆ ಒಂದು ಗೆರೆ, ಗೆರೆಯ ಮೇಲೊಂದು ಚುಕ್ಕಿ. ಚುಕ್ಕಿ ಆಗಲೇ ಬಲತುದಿಯಲ್ಲಿತ್ತು. ಇನ್ನೂ ಬಲಕ್ಕೆ ತಳ್ಳಿದ. ಜಗ್ಗಲಿಲ್ಲ.

"ರೀ, ಎರಡು ಚಮಚ ತುಪ್ಪಕ್ಕೆ ಇಷ್ಟೆಲ್ಲ ಬೇಕಾ? ತುಪ್ಪ ನಮ್ಮನೇಲೂ ಇದೆ" ಎಂದಳು ಹೆಂಡತಿ ಮಧುಶ್ರೀ.

"ತುಪ್ಪದ್ ಪ್ರಶ್ನೆ ಅಲ್ಲ ಕಣೇ, ಮರ್ಯಾದೆ ಪ್ರಶ್ನೆ."

"ಅಷ್ಟು ಮರ್ಯಾದೆ ಇರೋರು ಸುಳ್ಳು ಯಾಕೆ ಹೇಳಿದ್ರಿ?"

ಷಡಕ್ಷರಿ ಚುಕ್ಕಿಯನ್ನು ಮತ್ತೊಮ್ಮೆ ಬಲಕ್ಕೆ ತಳ್ಳುತ್ತಿರುವಾಗ, ಕೆಳಗೆ ಜೆರಾಕ್ಸ್ ಅಂಗಡಿ ಇಟ್ಟಿದ್ದ ಕದರಯ್ಯ ಮೆಟ್ಟಿಲು ಹತ್ತಿ ಬಂದ. ಬಟವಾಡಿಯಲ್ಲಿ ಯಾರಿಗೆ ಏನು ಕಷ್ಟ ಬಂದರೂ ಅದನ್ನು ಇನ್ನಷ್ಟು ಮಾಡಿಕೊಡುವ ಪರೋಪಕಾರಿ.

"ಕೊಡಿ ಸಾರ್ ಇಲ್ಲಿ. ಸುಮ್ನೆ ತಳ್ಳಿದ್ರೆ ಹೋಗಲ್ಲ. ಸ್ವಲ್ಪ ಹಿಂದಕ್ ಎಳ್ಕೊಂಡು, ಆಮೇಲ್ ಒಂದೇ ಸಲ ಮುಂದಕ್ ಬುಡ್ಬೇಕು" ಎಂದು ಮೊಬೈಲ್ ಕಿತ್ತುಕೊಂಡ. ಚುಕ್ಕಿ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ 'ಓಕೆ' ಅಂತೊಂದು ಕಂಡಿತು, ಒತ್ತಿದ. ಓಟಿಪಿ ಬಂತು, ಗಾಬರಿಯಲ್ಲಿ ಷಡಕ್ಷರಿಯೇ ಅದನ್ನು ಓದಿ ಹೇಳಿದ. ಕದರಯ್ಯ ಹಾಕಿದ.

ಹೊಸ ಲಿಮಿಟ್ಟು 1,40,000.

"ರೌಂಡಾಯ್ತಲ್ಲ ಸಾರ್!"

ಷಡಕ್ಷರಿ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಓಡಿದ. ಸಂಬಳದ ಚೀಟಿಯ ಜೆರಾಕ್ಸ್ ಹಿಡಿದು ಕದರಯ್ಯನೂ ಬೆನ್ನಿಗೆ ಬಂದ. ತಪ್ಪು ತನ್ನದು ಅನ್ನುವ ಅಳುಕಿಗೇನೂ ಅಲ್ಲ, ಮುಂದೇನಾಗುತ್ತೆ ನೋಡುವ ಆಸೆಗೆ.

ಕಾರ್ಡಿನ ವಿಭಾಗದಲ್ಲಿದ್ದ ಪಲ್ಲವಿ ಮೇಡಂ ಸಮಾಧಾನದಿಂದ ಕೇಳಿಸಿಕೊಂಡರು. "ಕಮ್ಮಿ ಮಾಡೋದು ನೀವೇ ಮಾಡ್ಕೋಬೋದು ಸಾರ್. ಜಾಸ್ತಿ ಮಾಡೋಕೆ ಅರ್ಜಿ ಕೊಡ್ಬೇಕು. ಎಷ್ಟು ಬೇಕೋ ಬರೀರಿ. ಒಂದೂವರೆವರೆಗೂ ಏನ್ ತೊಂದ್ರೆ ಇಲ್ಲ, ಹತ್ತು ನಿಮಿಷದಲ್ಲಿ ಕಂಪ್ಯೂಟರ್ರೇ ಓಕೆ ಮಾಡುತ್ತೆ."

ಷಡಕ್ಷರಿಗೆ ಹೋದ ಜೀವ ಬಂತು. ಅರ್ಜಿ ತೆಗೆದುಕೊಂಡು ಬರೆಯತೊಡಗಿದ. ಒಂದು, ಐದು, ಸೊನ್ನೆ, ಸೊನ್ನೆ, ಸೊನ್ನೆ... ಕೊನೆಯ ಸೊನ್ನೆಯ ಹತ್ತಿರ ಪೆನ್ನು ನಿಂತಿತು.

ನೆಂಟರ ಮದುವೆಗಳಲ್ಲಿ ಮುಯ್ಯಿ ಪುಸ್ತಕ ಹಿಡಿದು ಕೂರುವವನು ಯಾವಾಗಲೂ ಷಡಕ್ಷರಿಯೇ. ಐನೂರ ಒಂದು, ಸಾವಿರದ ಒಂದು ಎಂದು ಬರೆದೂ ಬರೆದೂ ಪಳಗಿದ ಕೈ ಅದು. ಸೊನ್ನೆಗೆ ನಿಂತ ಮುಯ್ಯಿಯನ್ನು ಅದು ಬರೆದದ್ದೇ ಇಲ್ಲ. ಯಾರಾದರೂ ಬರೀ ನೂರರ ನೋಟು ಕೊಟ್ಟರೆ ತನ್ನ ಜೇಬಿನಿಂದ ಒಂದು ರೂಪಾಯಿ ಹಾಕಿ ನೂರ ಒಂದು ಅಂತ ಬರೆದುಕೊಂಡದ್ದೂ ಉಂಟು.

ಕದರಯ್ಯ ಹೆಗಲ ಮೇಲಿಂದ ಇಣುಕಿದ. "ಏನ್ ಸಾರ್, ಸೊನ್ನೆಗ್ ನಿಲ್ಲಿಸ್ತೀರಾ? ಏಳಿಗೆ ಆಗೋ ಕೆಲ್ಸ, ಒಂದ್ ಸೇರ್ಸಿ."

"ರೌಂಡಾಗಿರ್ಬೇಕು ಕದರಯ್ಯ."

"ಒಂದ್ರೂಪಾಯಿಗೆ ರೌಂಡ್ ಎಲ್ ಹೋಗುತ್ತೆ? ಐನೂರೊಂದು ಮುಯ್ಯಿ ಮಾಡಿದ್ರೆ ಜನ ಐನೂರು ಅಂತ್ಲೇ ತಾನೇ ಹೇಳೋದು?"

ಮಾತು ಸರಿಯಾಗಿಯೇ ಇತ್ತು. ಕೈಗೂ ಅದೇ ಬೇಕಾಗಿತ್ತು. ಷಡಕ್ಷರಿ 1,50,001 ಎಂದು ಬರೆದು, ಮನಸ್ಸಿನಲ್ಲೇ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಕೊಟ್ಟ.

ಹತ್ತು ನಿಮಿಷ ಬೇಕಾಗಲಿಲ್ಲ, ಎರಡೇ ನಿಮಿಷದಲ್ಲಿ ಪಲ್ಲವಿ ಮೇಡಂ ಕರೆದರು. "ರಿಜೆಕ್ಟ್ ಆಯ್ತಲ್ಲ ಸಾರ್. ಒಂದೂವರೆ ದಾಟಿದ್ರೆ ಮೂರು ವರ್ಷದ ಟ್ಯಾಕ್ಸ್ ರಿಟರ್ನ್ ಕೇಳುತ್ತೆ. ನೀವು ಕೊಟ್ಟಿಲ್ಲ."

"ಎಷ್ಟು ದಾಟಿದೆ ಮೇಡಂ?"

"ಒಂದ್ರೂಪಾಯಿ."

"ತಗೊಳ್ಳಿ ಮೇಡಂ, ಆ ಒಂದ್ರೂಪಾಯಿ ನಾನೇ ಕ್ಯಾಶ್ ಕೊಡ್ತೀನಿ" ಎಂದು ಕದರಯ್ಯ ಜೇಬಿಗೆ ಕೈಹಾಕಿದ.

ಪಲ್ಲವಿ ಮೇಡಂ ನಗು ತಡೆದುಕೊಂಡು, ಮತ್ತೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು ಅಂದರು. ಹಳೆಯ ಒಂದು ನಲವತ್ತೇಳನ್ನಾದರೂ ವಾಪಸು ಕೊಡಿ ಎಂದು ಷಡಕ್ಷರಿ ಬೇಡಿಕೊಂಡ. ಅದಕ್ಕೂ ಆರು ತಿಂಗಳಂತೆ.

ಗುಬ್ಬಿ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತು ಷಡಕ್ಷರಿ ಒಬ್ಬನೇ ನಕ್ಕ. ಬೆಳಿಗ್ಗೆ ಎರಡು ಸಾವಿರದ ಏಳುನೂರಿದ್ದ ಸುಳ್ಳು ಮಧ್ಯಾಹ್ನಕ್ಕೆ ಹತ್ತು ಸಾವಿರಕ್ಕೆ ಬೆಳೆದಿತ್ತು. ತಾನು ಕೈಹಾಕಿದ್ದರಲ್ಲಿ ಇಷ್ಟು ಬೇಗ ಬೆಳೆದದ್ದು ಇದೊಂದೇ. ನಾಚಿಕೆಯೂ ಆಯಿತು. ನಲವತ್ತೆಂಟು ವರ್ಷದ ಗಂಡಸು ತುಪ್ಪಕ್ಕೆ ಬಾಯಿಬಿಟ್ಟು ಕೆಟ್ಟೆನಲ್ಲ ಅನ್ನಿಸಿತು. ನಿಜ ಹೇಳಿಬಿಡೋಣ ಎಂದು ನಿರ್ಧರಿಸಿದ.

ಕೇಕ್ ಕತ್ತರಿಸಿದ್ದಾಯಿತು. ಎಲೆಗೆ ಹೋಳಿಗೆ ಬಿತ್ತು. ಅತ್ತೆ ಗಿಂಡಿ ಹಿಡಿದು ನಿಂತರು. "ಅಣ್ಣ, ಮೊಬೈಲ್ ತೆಗೀರಿ" ಎಂದ ರೇಣುಕಾಪ್ರಸಾದ್.

ಷಡಕ್ಷರಿ ತೆಗೆದು ತೋರಿಸಿದ. "ಒಂದು ನಲವತ್ತು ಕಣಪ್ಪ. ಅವತ್ ಹೇಳಿದ್ದು ಸುಳ್ಳು."

ರೇಣುಕಾಪ್ರಸಾದ್ ಉಸಿರು ಬಿಟ್ಟು ಗಹಗಹಿಸಿದ. "ಅಯ್ಯೋ ಅಣ್ಣ, ನಂದೆಲ್ಲಿ ಒಂದೂವರೆ ಇದೆ? ಒಂದು ನಲವತ್ತೈದು. ಬಾಯ್ಮಾತಿಗೆ ಒಂದೂವರೆ ಅಂದಿದ್ದೆ. ನೀವೂ ಅಷ್ಟೇ ಅಂದ್ಮೇಲೆ ಒಂದ್ ತಿಂಗ್ಳಿಂದ ನಿದ್ದೆ ಇಲ್ಲ ನಂಗೆ. ಸದ್ಯ, ಐದು ಸಾವಿರಕ್ಕೆ ಗೆದ್ದೆ!"

ಗಿಂಡಿ ಅವನ ಎಲೆಯ ಕಡೆ ಬಗ್ಗಿತು. ಷಡಕ್ಷರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂರುವ ತನಕ ತಾನೇ ಎರಡು ಸಾವಿರದ ಮುನ್ನೂರು ಮುಂದಿದ್ದ.

ಗಂಡನ ಮುಖ ನೋಡಿ ಮಧುಶ್ರೀಗೆ ತಡೆಯಲಾಗಲಿಲ್ಲ. "ಅಮ್ಮ, ಬೆಳಿಗ್ಗೆ ಇವರದೂ ಒಂದು ನಲವತ್ತೇಳು ಸಾವಿರದ ಮುನ್ನೂರಿತ್ತು ಕಣಮ್ಮ!"

ಗಂಗಾಂಬಿಕೆಯವರ ಕೈ ಗಾಳಿಯಲ್ಲೇ ನಿಂತಿತು. "ಬೆಳಿಗ್ಗೆ ಇದ್ದಿದ್ದು ಸಂಜೆಗಿಲ್ವಾ? ಏಳು ಸಾವಿರ ಎಲ್ ಕಳೆದ್ರಿ ಅಳಿಯಂದ್ರೇ? ಇಸ್ಪೀಟಾ?"

ಲಿಮಿಟ್ಟು ಬೇರೆ, ದುಡ್ಡು ಬೇರೆ ಎಂದು ಷಡಕ್ಷರಿ ಅರ್ಧ ಗಂಟೆ ವಿವರಿಸಿದ. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು, ಒಂದನ್ನೂ ನಂಬಲಿಲ್ಲ.

ಹೊರಡುವಾಗ ಎಲೆ ಅಡಿಕೆಯ ಮೇಲೆ ನೂರರ ನೋಟು, ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಕೊಟ್ಟರು. ಷಡಕ್ಷರಿ ನಾಣ್ಯ ತೆಗೆದು ಕೈಮುಗಿದ. "ನೂರೇ ಸಾಕು ಅತ್ತೆ. ಈ ಒಂದ್ರೂಪಾಯಿ ಬೇಡ."

ಅತ್ತೆ ಆ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡರು. ಜೊತೆಗೆ ನೂರರ ನೋಟನ್ನೂ ಎತ್ತಿ ಮಗಳ ಕೈಗೆ ಕೊಟ್ಟರು.

"ನೀನೇ ಇಟ್ಕೊಳ್ಳೇ. ಅವ್ರ ಕೈಯಲ್ಲಿದ್ರೆ ತುಮಕೂರು ಸೇರೋ ಅಷ್ಟರಲ್ಲಿ ತೊಂಬತ್ತಾಗಿರುತ್ತೆ."