ಅಲಿಪ್ತ ರಾಷ್ಟ್ರದ ಕೋಡುಬಳೆ

ನನಗೆ ಸ್ವಂತ ಅಭಿಪ್ರಾಯ ಅನ್ನೋದು ಇದೆಯೋ ಇಲ್ಲವೋ ಅಂತ ನನ್ನ ಹೆಂಡತಿ ಲತಾಗೆ ಮದುವೆಯಾದ ಮೊದಲ ವಾರದಿಂದಲೇ ಅನುಮಾನ. "ದೋಸೆ ಮಾಡ್ಲಾ, ಉಪ್ಪಿಟ್ಟು ಮಾಡ್ಲಾ?" ಅಂದರೆ "ನಿನಗೆ ಯಾವುದು ಸುಲಭಾನೋ ಅದು" ಅನ್ನುತ್ತೇನೆ. "ಒಂದು ತಿಂಡಿ ಹೆಸರು ಹೇಳೋಕೂ ಇಷ್ಟು ಭಯಾನಾ ನಿಮಗೆ?" ಅಂತ ಅವಳು ಸೌಟು ಹಿಡಿದುಕೊಂಡೇ ಕೇಳುತ್ತಾಳೆ. ಆಫೀಸಿನಲ್ಲೂ ಅಷ್ಟೇ. ಇಬ್ಬರು ಮ್ಯಾನೇಜರುಗಳು ಮೀಟಿಂಗಿನಲ್ಲಿ ಕಿತ್ತಾಡಿಕೊಂಡರೆ ನಾನು ಮ್ಯೂಟ್ ಮಾಡಿಕೊಂಡು ತಲೆಯಾಡಿಸುತ್ತೇನೆ, ಇಬ್ಬರಿಗೂ ನಾನು ತಮ್ಮ ಕಡೆ ಅನ್ನಿಸುತ್ತದೆ. ಇದಕ್ಕೆ ಹೇಡಿತನ ಅಂತ ಹೆಸರಿಡುವವರು ಇಡಲಿ. ನಾನು ಇಷ್ಟು ದಿನ ಅಲಿಪ್ತ ನೀತಿ ಅಂತ ಕರೆದುಕೊಂಡು ನೆಮ್ಮದಿಯಾಗಿದ್ದೆ.

ಆ ನೆಮ್ಮದಿ ಕೆಟ್ಟದ್ದು ಒಂದು ಬೇಲಿಯಿಂದ. ಅಮೆರಿಕದ ಲಿಟಲ್ ಎಲ್ಮ್ ಎಂಬ ಊರಿನ ನಮ್ಮ ಬಡಾವಣೆಯಲ್ಲಿ ಮನೆಗಳು ಒಂದಕ್ಕೊಂದು ಬೆನ್ನು ಹಾಕಿಕೊಂಡು ಕೂತಿವೆ. ನಮ್ಮ ಹಿತ್ತಿಲಿನ ಆಚೆಗೆ ಎರಡು ಹಿತ್ತಿಲು. ಎಡಗಡೆಯದು ಮೈಸೂರಿನ ರಘುನಂದನನದು, ಬಲಗಡೆಯದು ಹುಬ್ಬಳ್ಳಿಯ ಪಾಟೀಲರದು. ಮೂರೂ ಬೇಲಿ ಒಂದು ಕಂಬದ ಹತ್ತಿರ ಸೇರುತ್ತವೆ. ರಘು ನನ್ನ ವಯಸ್ಸಿನವನು, ಹೋಗೋ ಬಾರೋ ಸಲಿಗೆ. ಪಾಟೀಲರು ಚಿಪ್ ಮಾಡುವ ಕಂಪನಿಯವರು, ನಮಗಿಂತ ಎಂಟು ಹತ್ತು ವರ್ಷ ದೊಡ್ಡವರು, ಎಲ್ಲರಿಗೂ ಸರ್ ಅನ್ನುವ ಸಜ್ಜನ. ರಘುವಿನ ಹೆಂಡತಿ ವತ್ಸಲಾ, ಪಾಟೀಲರ ಹೆಂಡತಿ ಸುಮಂಗಲಾ ದಿನಾ ಬೆಳಿಗ್ಗೆ ಕೆರೆ ದಡದಲ್ಲಿ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದರು. ಆರು ವರ್ಷ ನಾವು ಮೂರು ಮನೆಯವರು ಒಬ್ಬರ ಕುಕ್ಕರಿನ ಸೀಟಿ ಇನ್ನೊಬ್ಬರು ಎಣಿಸುವಷ್ಟು ಹತ್ತಿರ ಇದ್ದೆವು.

ಮೊನ್ನೆ ವಸಂತದ ಬಿರುಗಾಳಿಗೆ ರಘು ಮತ್ತು ಪಾಟೀಲರ ನಡುವಿನ ಬೇಲಿ ಮಕಾಡೆ ಮಲಗಿತು. ನನ್ನದು ಹೇಗೋ ನಿಂತಿತು. ಬೇಲಿ ಬಿದ್ದ ದಿನ ಇಬ್ಬರೂ ನಗುನಗುತ್ತಲೇ ಹಲಗೆ ಎತ್ತಿಟ್ಟರು. ಹೊಸ ಬೇಲಿ ಹಾಕುವವನು ಬಂದು ಒಂದು ಪ್ರಶ್ನೆ ಕೇಳಿದ ನೋಡಿ, ಅಲ್ಲಿಗೆ ನಗು ಮುಗಿಯಿತು. ಇಲ್ಲಿಯ ಮರದ ಬೇಲಿಗೆ ಎರಡು ಮುಖ. ಒಂದು ಕಡೆ ಹಲಗೆಗಳು ಸಾಲಾಗಿ, ನುಣ್ಣಗೆ ಕಾಣುತ್ತವೆ. ಇನ್ನೊಂದು ಕಡೆ ಆ ಹಲಗೆಗಳನ್ನು ಹಿಡಿದ ಅಡ್ಡಪಟ್ಟಿ, ಕಂಬ, ಮೊಳೆ, ಎಲ್ಲ ಎಲುಬೂ ಎದ್ದು ಕಾಣುತ್ತದೆ. ಅವನು ಕೇಳಿದ್ದು ಇಷ್ಟೇ: ಚೆಂದದ ಮುಖ ಯಾರ ಕಡೆಗೆ?

"ನಮ್ಮ ಕಡೆಗೇ ಬರಬೇಕು ಕಣಯ್ಯಾ, ತುಳಸಿಕಟ್ಟೆ ಇರೋದೇ ಆ ಬೇಲಿಗೆ ಎದುರು. ದಿನಾ ದೀಪ ಹಚ್ಚಿ ಮೊಳೆ ನೋಡ್ಲಾ?" ಅಂತ ರಘು. "ಅಲ್ರಿ ಮೂರ್ತಿ ಸರ, ನಾವು ಹೊರಗ ಒಲಿ ಹಾಕಿಸೇವಿ, ಮಂದಿ ರೊಟ್ಟಿ ಉಣ್ಣಾಕ ಬರ್ತಾರ. ಬಂದವ್ರಿಗೆ ಎಲುಬು ತೋರಸೂದೇನ್ರಿ?" ಅಂತ ನನಗೆ ಪಾಟೀಲರು. ಬಡಾವಣೆಯ ಅಸೋಸಿಯೇಷನ್ನಿನವರು ನೀವು ನೀವೇ ತೀರ್ಮಾನಿಸಿಕೊಳ್ಳಿ ಅಂತ ಕೈ ತೊಳೆದುಕೊಂಡರು. ಇಬ್ಬರೂ ನನ್ನ ಹತ್ತಿರ ಬಂದರು. ರಘುವಿಗೆ "ತುಳಸಿ ಅಂದ್ಮೇಲೆ ಮುಗೀತು" ಅಂದೆ. ಪಾಟೀಲರಿಗೆ "ಅತಿಥಿಗಳು ಅಂದ್ಮೇಲೆ ಮುಗೀತಲ್ರಿ" ಅಂದೆ. ಇಬ್ಬರೂ ಸಮಾಧಾನವಾಗಿ ಹೋದರು, ಮಾರನೆಯ ದಿನ ಮೂರ್ತಿ ನನ್ನ ಕಡೆ ಅಂತ ಇಬ್ಬರೂ ಹೇಳಿಕೊಂಡು ಜೋರಾಗಿ ಕಿತ್ತಾಡಿದರು. ವಾಕಿಂಗ್ ನಿಂತಿತು. ಎರಡು ಹಿತ್ತಿಲಿನ ನಡುವೆ ಬೇಲಿಯೇ ಇಲ್ಲ, ಆದರೂ ಯಾರೂ ಯಾರ ಕಡೆಗೂ ನೋಡುತ್ತಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಮಗಳು ಸಿರಿ ಶಾಲೆಯಿಂದ ಒಂದು ದೇಶ ತಂದಳು. ಇಲ್ಲಿಯ ಹೈಸ್ಕೂಲು ಮಕ್ಕಳು ದೇಶಗಳ ಪ್ರತಿನಿಧಿಗಳಾಗಿ ಕೋಟು ಹಾಕಿಕೊಂಡು ವಿಶ್ವಸಂಸ್ಥೆಯ ಅಣಕು ಸಭೆ ನಡೆಸುತ್ತಾರೆ. ಈ ಸಲದ್ದು ಹ್ಯೂಸ್ಟನ್‌ನಲ್ಲಿ. ಗೆಳತಿಯರಿಗೆ ಫ್ರಾನ್ಸ್, ಬ್ರೆಜಿಲ್ ಸಿಕ್ಕಿದ್ದರೆ ಇವಳಿಗೆ ಸಿಕ್ಕಿದ್ದು ಲಿಕ್ಟನ್‌ಸ್ಟೈನ್. ನಾನು ಮ್ಯಾಪಿನಲ್ಲಿ ಹುಡುಕಿದೆ. ಸ್ವಿಟ್ಜರ್ಲೆಂಡಿಗೂ ಆಸ್ಟ್ರಿಯಾಕ್ಕೂ ನಡುವೆ, ಬೆರಳಿಟ್ಟರೆ ಮುಚ್ಚಿಹೋಗುವ ದೇಶ. ಸಮುದ್ರ ಇಲ್ಲ, ಸೈನ್ಯವೂ ಇಲ್ಲ. ಹಿಂದೆ ಸೈನ್ಯ ಇದ್ದಾಗ ಒಮ್ಮೆ ಎಂಬತ್ತು ಜನ ಯುದ್ಧಕ್ಕೆ ಹೋಗಿ ಎಂಬತ್ತೊಂದು ಜನ ವಾಪಸು ಬಂದರಂತೆ, ದಾರಿಯಲ್ಲಿ ಯಾರನ್ನೋ ಸ್ನೇಹ ಮಾಡಿಕೊಂಡು ಕರೆತಂದರು ಅಂತ ಅಲ್ಲಿಯವರು ಹೇಳುತ್ತಾರಂತೆ. ಕೇಳಿ ನನಗೆ ಆ ದೇಶದ ಮೇಲೆ ತಟ್ಟನೆ ಪ್ರೀತಿ ಬಂತು. "ಸಿರಿ, ನಿನಗೆ ಬೇರೆ ಓದೇ ಬೇಡ. ಸಣ್ಣ ದೇಶದ ವಿದೇಶಾಂಗ ನೀತಿ ಅಂದ್ರೆ ನಿಮ್ಮಪ್ಪನ್ನ ನೋಡಿ ಕಲಿ. ದೊಡ್ಡವರು ಜಗಳ ಆಡುವಾಗ ಬಾಯಿ ಮುಚ್ಕೊಂಡಿರೋದು" ಅಂದೆ. ಅವಳು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ "ಐ ಡೋಂಟ್ ಥಿಂಕ್ ಸೋ, ಅಪ್ಪ" ಅಂದಳು.

ಈಗ ಒಂದು ಡಬ್ಬಿಯ ವಿಷಯಕ್ಕೆ ಬರುತ್ತೇನೆ, ನನ್ನ ಮಾನ ಹೋದದ್ದು ಅಲ್ಲಿಯೇ. ನಮ್ಮ ಜನ ಎಲ್ಲಿಗೆ ಹೋದರೂ ಒಂದು ಕಾನೂನು ಬಿಡುವುದಿಲ್ಲ: ತಿಂಡಿ ತುಂಬಿ ಬಂದ ಡಬ್ಬಿಯನ್ನು ಖಾಲಿ ವಾಪಸು ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಗಾಳಿ ಬೀಸುವ ಹಿಂದಿನ ದಿನ ಸುಮಂಗಲಾ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ವತ್ಸಲಾಗೆ ಕಳಿಸಿದ್ದರು. ಜಗಳ ಎರಡು ವಾರಕ್ಕೆ ಬಂದಾಗ ವತ್ಸಲಾ ನಮ್ಮ ಬಾಗಿಲಿಗೆ ಬಂದು "ಇದನ್ನ ಅವರ ಮನೆಗೆ ಮುಟ್ಟಿಸಿಬಿಡಿ" ಅಂತ ಆ ಡಬ್ಬಿ ನನ್ನ ಕೈಗಿಟ್ಟು ತಿರುಗಿ ನೋಡದೆ ಹೋದರು. ಡಬ್ಬಿ ಹಗುರವಾಗಿತ್ತು. ಮುಚ್ಚಳ ತೆಗೆದೆ. ತೊಳೆದು, ಒರೆಸಿ, ಫಳಫಳ ಹೊಳೆಯುವ ಖಾಲಿ ಡಬ್ಬಿ! ಇದನ್ನು ಹೀಗೆಯೇ ಕೊಟ್ಟರೆ ಆ ಎರಡು ಮನೆ ಇನ್ನು ಈ ಜನ್ಮಕ್ಕೆ ಸೇರುವುದಿಲ್ಲ ಅನ್ನಿಸಿತು.

ಲತಾ ಮನೆಯಲ್ಲಿರಲಿಲ್ಲ, ಇದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಶೆಲ್ಫಿನಲ್ಲಿ ಇಂಡಿಯನ್ ಅಂಗಡಿಯಿಂದ ತಂದ ಕೋಡುಬಳೆ ಪ್ಯಾಕೆಟ್ ಇತ್ತು. ಕತ್ತರಿಸಿ ಡಬ್ಬಿಗೆ ಸುರಿದೆ. ವತ್ಸಲಾ ಮೈಸೂರಿನವರು, ಅವರ ಕೋಡುಬಳೆ ಅಂದರೆ ಆಸ್ಟಿನ್‌ನಿಂದಲೂ ಜನ ಕೇಳಿ ಮಾಡಿಸಿಕೊಳ್ಳುತ್ತಾರೆ, ಅದಕ್ಕಿಂತ ಹೊಂದುವ ಸಂಧಾನದ ವಸ್ತು ಇದೆಯೇ ಅಂತ ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಪಾಟೀಲರ ಮನೆಗೆ ಹೋಗಿ "ವತ್ಸಲಾ ಕಳಿಸಿದ್ದಾರೆ" ಅಂತ ಕೊಟ್ಟೆ. ಸುಮಂಗಲಾ ಮುಖ ಅರಳಿತು. ಒಂದು ಮುರಿದು ಬಾಯಿಗೆ ಹಾಕಿಕೊಂಡರು. ಅರಳಿದ ಮುಖ ಹಾಗೆಯೇ ಮುದುಡಿತು. "ಅಂಗಡಿದು" ಅಂದರು, ಅಷ್ಟೇ. "ಮನಿಯೊಳಗ ಅಷ್ಟು ಚಲೋ ಮಾಡಾಕಿ, ನಮಗ ಅಂಗಡಿದು ಹಾಕಿ ಕಳಿಸ್ಯಾಳ. ಆತು ಬಿಡ್ರಿ." ಖಾಲಿ ಡಬ್ಬಿಯಲ್ಲಿ ಬರೀ ಸಿಟ್ಟಿರುತ್ತದೆ. ಅಂಗಡಿ ಕೋಡುಬಳೆಯಲ್ಲಿ ನೀವು ಲೆಕ್ಕಕ್ಕೇ ಇಲ್ಲ ಎಂಬ ತಾತ್ಸಾರ ಇರುತ್ತದೆ ಅಂತ ನನಗೆ ಆ ಕ್ಷಣಕ್ಕೆ ಅರ್ಥವಾಯಿತು.

ಮೂರು ದಿನ ಬಿಟ್ಟು ಪಾಟೀಲರು ಸಿಕ್ಕರು. ಅವರ ಕಂಪನಿ ಬಹಳ ದಿನದಿಂದ ದೂರದ ಟೇಲರ್ ಊರಿನ ಹೊಸ ಪ್ಲಾಂಟಿಗೆ ಬನ್ನಿ ಅಂತ ಕರೆಯುತ್ತಿತ್ತು. ಈ ಓಣಿ ಬಿಟ್ಟು ಬರೋದಿಲ್ಲ ಅಂತ ಅವರು ಮುಂದೂಡುತ್ತಲೇ ಬಂದಿದ್ದರು. "ಸೋಮವಾರ ಹೂಂ ಅಂತ ಹೇಳಿಬಿಡ್ತೀನ್ರಿ ಸರ. ಸುಮಂಗಲಾಗ ಇಲ್ಲಿ ಮನಸು ನಿಂದ್ರವಲ್ದು" ಅಂದರು. ನಿಜ ಹೇಳುತ್ತೇನೆ, ಮನೆಗೆ ಬಂದು ಕಾರಿನಲ್ಲೇ ಸುಮಾರು ಹೊತ್ತು ಕೂತೆ. ಆರು ವರ್ಷದಲ್ಲಿ ಆ ಮನುಷ್ಯ ನನ್ನ ಹುಟ್ಟುಹಬ್ಬ ಒಂದನ್ನೂ ಮರೆತವರಲ್ಲ. ಅವರು ಹೋಗುತ್ತಿರುವುದು ಒಂದು ಪ್ಯಾಕೆಟ್ ಕೋಡುಬಳೆಯಿಂದ, ಅದು ನನ್ನ ಪ್ಯಾಕೆಟ್. ತುಂಬಾ ಸಂಕಟವಾಯಿತು.

ಒಳಗೆ ಸಿರಿ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದಳು. ಸೋಫಾದ ಮೇಲೆ ಕುಸಿದು ಕೇಳಿಸಿಕೊಂಡೆ. ದೊಡ್ಡ ದೇಶಗಳಿಗೆ ತೋಳ್ಬಲ ಇದೆ, ನಿಯಮ ಇಲ್ಲದಿದ್ದರೂ ನಡೆಯುತ್ತದೆ, ನಮ್ಮಂಥ ಸಣ್ಣವರಿಗೆ ನಿಯಮ ಬಿಟ್ಟರೆ ಗತಿಯಿಲ್ಲ, ಆದ್ದರಿಂದ ನಿಯಮ ಮುರಿದಾಗ ಮೊದಲು ಎದ್ದು ನಿಲ್ಲಬೇಕಾದವರು ನಾವೇ ಅಂತ ಅವಳ ಇಂಗ್ಲಿಷಿನ ಸಾರಾಂಶ. "ಏನಮ್ಮಾ, ನಿನ್ನ ದೇಶ ಇಷ್ಟು ಮಾತಾಡತ್ತಾ? ಸೈನ್ಯನೇ ಇಲ್ವಲ್ಲ?" ಅಂತ ಕೇಳಿದೆ. "ಅದಕ್ಕೇ ಮಾತಾಡತ್ತೆ ಅಪ್ಪ" ಅಂದಳು, ಅಪರೂಪಕ್ಕೆ ಕನ್ನಡದಲ್ಲೇ. ಆಮೇಲೆ ತಲೆ ಓರೆ ಮಾಡಿ "ಎಲ್ಲರಿಗೂ ಯೆಸ್ ಅನ್ನೋದು ನ್ಯೂಟ್ರಲ್ ಅಲ್ಲ. ದಟ್ಸ್ ಜಸ್ಟ್ ಲೈಯಿಂಗ್ ಟು ಟೂ ಪೀಪಲ್" ಅಂದಳು. ಒಂಬತ್ತನೇ ಕ್ಲಾಸಿನ ಹುಡುಗಿ! ಅಡುಗೆಮನೆಯಿಂದ ಲತಾ ನಗು ಕೇಳಿಸಿತು.

ಭಾನುವಾರ ಸಂಜೆ ಎರಡೂ ಮನೆಯವರನ್ನು ಕರೆದೆ. ಸಿರಿ ಹ್ಯೂಸ್ಟನ್‌ಗೆ ಹೋಗುವ ಮೊದಲು ನಾಲ್ಕು ಜನರ ಮುಂದೆ ಭಾಷಣ ಮಾಡಿ ನೋಡಬೇಕಂತೆ ಅಂದೆ. ಮಗುವಿನ ವಿಷಯ ಅಂದರೆ ನಮ್ಮಲ್ಲಿ ಯಾರು ಬರುವುದಿಲ್ಲ ಅನ್ನುತ್ತಾರೆ? ಬಂದರು, ಹಿತ್ತಿಲಿನಲ್ಲಿ ಕುರ್ಚಿಗಳನ್ನು ಆದಷ್ಟು ದೂರ ಎಳೆದುಕೊಂಡು ಕೂತರು. ಸಿರಿ ಚೆನ್ನಾಗಿಯೇ ಮಾತಾಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವುದರೊಳಗೆ ನಾನು ಎದ್ದೆ. "ಆ ಕೋಡುಬಳೆ ನಾನು ಹಾಕಿದ್ದು. ವತ್ಸಲಾ ಅವರಿಗೆ ಗೊತ್ತೇ ಇಲ್ಲ. ಬೇಲಿ ವಿಷಯದಲ್ಲೂ ಇಬ್ಬರಿಗೂ ಹೂಂ ಅಂದು ಮೋಸ ಮಾಡಿದ್ದು ನಾನೇ. ತಪ್ಪಾಯ್ತು" ಅಂತ ಒಂದೇ ಉಸಿರಿಗೆ ಹೇಳಿ ಕೂತುಬಿಟ್ಟೆ.

ಮೊದಲು ವತ್ಸಲಾ ಎದ್ದರು. "ಏನಂದ್ರಿ? ನನ್ನ ಹೆಸರಲ್ಲಿ ಅಂಗಡಿ ಕೋಡುಬಳೆ ಕೊಟ್ರಾ?" ಸುಮಂಗಲಾ ಕಡೆ ತಿರುಗಿ "ಖಾಲಿ ಕಳಿಸಿದ್ದು ನಿಜ ಕಣ್ರೀ. ಸಿಟ್ಟು ಬಂದಿತ್ತು. ಆದ್ರೆ ಅಂಗಡಿದು ಕೊಡೋ ಅಷ್ಟು ಸಿಟ್ಟು ನನಗೆ ನಿಮ್ಮ ಮೇಲೆ ಯಾವತ್ತೂ ಬಂದಿಲ್ಲ!" ಅಂದರು, ಕಣ್ಣಲ್ಲಿ ನೀರಿತ್ತು. ಸುಮಂಗಲಾ "ನಾ ಇವ್ರಿಗೆ ಅಂದೆ, ಆಕಿ ಹಂಗ ಮಾಡಾಕಿ ಅಲ್ಲ ಅಂತ. ಖಾಲಿ ಬಂದಿದ್ರ ಜಗಳಾ ಮಾಡಾಕರ ಬರ್ತಿದ್ದೆ ನಿಮ್ಮ ಮನಿಗೆ!" ಅಂತ ಅವರ ಕೈ ಹಿಡಿದರು. ಆಮೇಲೆ ಇಬ್ಬರೂ ಸೇರಿ ನನ್ನ ಕಡೆ ತಿರುಗಿದರು. ರಘುವೂ ಪಾಟೀಲರೂ ಅವರ ಜೊತೆ ಸೇರಿಕೊಂಡರು. ಅರ್ಧ ಗಂಟೆ ನನಗೆ ಸಿಕ್ಕ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಲತಾ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ, ಬದಲಿಗೆ ಅವರಿಗೆಲ್ಲ ಎರಡನೇ ಸಲ ಕಾಫಿ ಕೊಟ್ಟಳು.

ನಾನು ಮುಖ ತೊಳೆದು ಬರುವಷ್ಟರಲ್ಲಿ ಗಂಡಸರಿಬ್ಬರೂ ಅಳತೆ ಟೇಪು ಹಿಡಿದು ಬಿದ್ದ ಬೇಲಿಯ ಹತ್ತಿರ ನಿಂತಿದ್ದರು. ಎರಡು ಕಂಬದ ನಡುವಿನ ಒಂದು ಅಂಕಣ ರಘುವಿನ ಕಡೆಗೆ ಚೆಂದ, ಮುಂದಿನದು ಪಾಟೀಲರ ಕಡೆಗೆ ಚೆಂದ, ಹೀಗೆ ಒಂದು ಬಿಟ್ಟು ಒಂದು ಅಂತ ಹತ್ತು ನಿಮಿಷದಲ್ಲಿ ತೀರ್ಮಾನವಾಯಿತಂತೆ. ತುಳಸಿಯ ಎದುರಿನ ಅಂಕಣ ಮಾತ್ರ ರಘುವಿಗೇ ಇರಲಿ ಅಂದವರು ಪಾಟೀಲರು. ಟೇಲರ್‌ಗೆ ಹೋಗೋದಿಲ್ಲ ಅಂತಲೂ ಅಲ್ಲಿಯೇ ನಿಂತು ಹೇಳಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನು ಮೇಲೆ ಇಂಥ ತಂಟೆ ಬಂದರೆ ನಿಷ್ಪಕ್ಷಪಾತವಾಗಿ ನ್ಯಾಯ ಹೇಳುವುದಕ್ಕೆ ನಾನೇ ಸಿದ್ಧ ಅಂದುಬಿಟ್ಟೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಮೂರ್ತಿ ಸರ, ಒಂದೀಟು ನಮ್ಮ ಹಿತ್ತಲಕ್ಕ ಬರ್ರಿ" ಅಂದರು ಪಾಟೀಲರು. ಹೋದೆ. "ಈಗ ತಿರುಗಿ ನಿಮ್ಮ ಬೇಲಿ ನೋಡ್ರಿ." ನೋಡಿದೆ. ಅಡ್ಡಪಟ್ಟಿ, ಕಂಬ, ಸಾಲು ಸಾಲು ಮೊಳೆ. ರಘು ತನ್ನ ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದ, ಅಲ್ಲಿಯೂ ಅದೇ ಎಲುಬು. ನುಣುಪು ಮುಖ ಎರಡು ಗಡಿಯಲ್ಲೂ ನನ್ನ ಕಡೆಗೇ ಇತ್ತು! ಆ ಎರಡು ಹಿತ್ತಿಲಿನಲ್ಲಿ ನಾನು ಎಷ್ಟು ಸಲ ಕೂತು ಉಂಡಿದ್ದೇನೋ ಲೆಕ್ಕವಿಲ್ಲ, ಎಲೆ ನೋಡಿದ್ದೇನೆ, ಬೇಲಿ ನೋಡಿರಲಿಲ್ಲ. "ಆರು ವರ್ಷ ಆಯ್ತು ಕಣಯ್ಯಾ, ಒಂದು ದಿನ ಏನಾದ್ರೂ ಅಂದ್ವಾ?" ಅಂದ ರಘು, ನಗುತ್ತಲೇ. ನನಗೆ ನಗಲಾಗಲಿಲ್ಲ.

ಅವರು ಬೇಡ ಬೇಡ ಅಂದರೂ ನಾನು ಜೀವನದಲ್ಲಿ ಮೊದಲ ಸಲ ಖಡಾಖಂಡಿತವಾಗಿ ಒಂದು ಅಭಿಪ್ರಾಯ ಹೇಳಿದೆ, ಅವರ ಬೇಲಿ ಹಾಕಲು ಬಂದವರಿಂದಲೇ ನನ್ನದನ್ನೂ ತಿರುಗಿಸಿ ಹಾಕಿಸಿದೆ. ಈಗ ಚೆಂದದ ಮುಖ ಅವರಿಬ್ಬರಿಗೆ, ಎಲುಬು ನನಗೆ. ಬೆಳಿಗ್ಗೆ ಕಾಫಿ ಹಿಡಿದು ಹಿತ್ತಿಲಿಗೆ ಹೋದಾಗ ಒಂದು ಸಂಗತಿ ಗೊತ್ತಾಯಿತು. ಆ ಅಡ್ಡಪಟ್ಟಿ ಸರಿಯಾಗಿ ಎದೆಯ ಎತ್ತರಕ್ಕಿದೆ, ಅದರ ಮೇಲೆ ಲೋಟ ಇಡಬಹುದು, ಕೆಳಗಿನ ಪಟ್ಟಿಯ ಮೇಲೆ ಕಾಲಿಟ್ಟರೆ ಆಚೆ ಮನೆಯವರ ಜೊತೆ ಆರಾಮಾಗಿ ಹರಟೆ ಹೊಡೆಯಬಹುದು. ಇದನ್ನು ಅವರಿಬ್ಬರಿಗೂ ನಾನಿನ್ನೂ ಹೇಳಿಲ್ಲ. ಹೇಳಿದರೆ ನಾಳೆಯಿಂದ ಇಬ್ಬರಿಗೂ ಎಲುಬೇ ಬೇಕು ಅಂತ ಶುರುವಾಗುತ್ತದೆ.