ಮಾತು ಬಿಟ್ಟವರ ಮೆರವಣಿಗೆ

ಮೇ ಇಪ್ಪತ್ನಾಲ್ಕರ ಬೆಳಿಗ್ಗೆ, ಅಕ್ಷರ ಹಬ್ಬದ ಮೆರವಣಿಗೆ ಹೊರಡಲು ಇನ್ನು ಅರ್ಧ ಗಂಟೆಯಿದೆ ಅನ್ನುವಾಗ, ನಾಡಿಗೆ ಲಿಪಿ ಕೊಟ್ಟ ಸಂತ ಸಹೋದರರ ಪಟವನ್ನು ಹೊರುವವರೇ ಇಲ್ಲ ಎಂದು ಗೊತ್ತಾಯಿತು. ಬಾಗಿಲಷ್ಟು ದೊಡ್ಡ ಬಟ್ಟೆಯ ಪಟ, ಸುತ್ತ ಹೂವಿನ ಹಾರ. ಈ ವರ್ಷ ಮೇಯರ್ ಬರುತ್ತಾರೆಂದು ಮುಖ್ಯೋಪಾಧ್ಯಾಯಿನಿ ವಾಸಿಲ್ಕಾ ಧೈರ್ಯ ಮಾಡಿ, ಒಂದು ಕಡೆ ಸಾಹಿತ್ಯದ ರಾಡ್ಕಾ, ಇನ್ನೊಂದು ಕಡೆ ವ್ಯಾಯಾಮದ ಗೆಂಚೊ ಎಂದು ಬರೆದು ಹಾಕಿದ್ದರು. ಸಿಬ್ಬಂದಿ ಕೋಣೆಯ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಜಗಳವಾಡಿ ಆ ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು.

ಭೂಗೋಳದ ಮೇಷ್ಟ್ರು ಲ್ಯುಬೆನ್ ಅಲ್ಲೇ ನಿಂತು ಕಾಫಿ ಕುಡಿಯುತ್ತಿದ್ದದ್ದೇ ತಪ್ಪಾಯಿತು. ಇವತ್ತೊಂದು ದಿನ ಮನಸ್ತಾಪ ಪಕ್ಕಕ್ಕಿಡುವಂತೆ ಇಬ್ಬರನ್ನೂ ಒಪ್ಪಿಸಿ ಬನ್ನಿ ಎಂದು ವಾಸಿಲ್ಕಾ ಅವನನ್ನು ಅಟ್ಟಿದರು.

ಮೂರನೆಯ ಮಹಡಿಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಿದ್ದ ರಾಡ್ಕಾ, ಆ ಮನುಷ್ಯ ಹಿಡಿದ ಪಟವನ್ನು ತಾನು ಮುಟ್ಟುವುದಿಲ್ಲ ಎಂದರು. ಅಂಗಳದಲ್ಲಿ ಸೀಟಿ ಒರೆಸುತ್ತಿದ್ದ ಗೆಂಚೊ, ಆಯಮ್ಮ ನಡೆಯುವ ಬೀದಿಗೇ ತಾನು ಕಾಲಿಡುವುದಿಲ್ಲ ಎಂದ. ಲ್ಯುಬೆನ್ ನಾಲ್ಕು ಸಲ ಹತ್ತಿ ಇಳಿದ. ಐದನೆಯ ಸಲಕ್ಕೆ ಇಬ್ಬರೂ ಸಿಟ್ಟಿನಿಂದ ಬೇರೆ ಬೇರೆ ಬಾಗಿಲಲ್ಲಿ ಹೊರಟುಹೋಗಿದ್ದರು. ಆರು ವರ್ಷದಿಂದ ಅವರಿಬ್ಬರೂ ಸೇರಿ ಮಾಡಬೇಕಾದ ಕೆಲಸವೆಲ್ಲ ಯಾರ ಜತೆಗೂ ಜಗಳವಿಲ್ಲದ ಲ್ಯುಬೆನ್‌ನ ತಲೆಗೇ ಬರುತ್ತಿತ್ತು. ಇವತ್ತೂ ಬಂತು.

ಪಟವನ್ನು ಒಬ್ಬನೇ ತಬ್ಬಿಕೊಂಡು ಹೊರಟ. ಎದುರಿಗೆ ಏನೂ ಕಾಣದು. ಮೂಗಿಗೆ ಹೂವು ತಾಗಿ ಸೀನು ಬೇರೆ. ಡೋಲಿನ ಸದ್ದು ಹಿಡಿದು ನಡೆದ. ಚೌಕಕ್ಕೆ ಹೋಗುವ ದಾರಿಯ ತಿರುವಿನಲ್ಲಿ ಬೆಟ್ಟದ ಗಾಳಿ ಬೀಸಿದ್ದೇ ಪಟ ದೋಣಿಯ ಹಾಯಿಯಂತೆ ಉಬ್ಬಿ, ಅವನನ್ನು ಪಕ್ಕದ ಓಣಿಗೆ ಎಳೆದುಕೊಂಡು ಹೋಯಿತು. ಮೆರವಣಿಗೆ ನೇರ ಹೋಯಿತು.

ಯಾವುದೋ ಮೇಜಿಗೆ ಡಿಕ್ಕಿ ಹೊಡೆದು ನಿಂತ. ಪಟ ಇಳಿಸಿ ನೋಡಿದರೆ ಬೇಕರಿಯ ಹಿತ್ತಲು. ಮೇಜಿನ ಮೇಲೆ ಒಂದೇ ತಟ್ಟೆಯಲ್ಲಿ ಚೀಸ್ ತುಂಬಿ ಬೇಯಿಸಿದ, ಪದರ ಪದರದ ಬಿಸಿ ಬಾನಿತ್ಸಾ. ಆ ಕಡೆ ಗೆಂಚೊ, ಈ ಕಡೆ ರಾಡ್ಕಾ. ಗೆಂಚೊ ಹೇಳಿದ ಯಾವುದೋ ಮಾತಿಗೆ ರಾಡ್ಕಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಲ್ಯುಬೆನ್‌ಗೆ ಬಾಯಿ ಮುಚ್ಚುವುದೇ ಮರೆತುಹೋಯಿತು. ಗೋಡೆಯ ಭೂಪಟದಲ್ಲಿ ದೇಶದ ಪೂರ್ವಕ್ಕಿರುವ ಕಪ್ಪು ಸಮುದ್ರ ಎದ್ದು ಪಶ್ಚಿಮಕ್ಕೆ ಹೋಗಿ ಕೂತಿದ್ದರೂ ಅವನು ಇಷ್ಟು ಬೆಚ್ಚುತ್ತಿರಲಿಲ್ಲ.

"ನೀವಿಬ್ರೂ... ಮಾತಾಡ್ತೀರಾ?"

"ಜಗಳ ಆದ ವಾರದಲ್ಲೇ ರಾಜಿ ಆಯ್ತು," ಎಂದರು ರಾಡ್ಕಾ, ಕಣ್ಣೊರೆಸಿಕೊಳ್ಳುತ್ತ. "ಆಮೇಲೆ ನೋಡಿದ್ರೆ, ಮಾತು ಬಿಟ್ಟವ್ರಿಗೆ ಇಬ್ರೂ ಸೇರಿ ಮಾಡೋ ಕೆಲಸಾನ ವಾಸಿಲ್ಕಾ ಕೊಡೋದೇ ಇಲ್ಲ. ಹಾಗೇ ನಡೆಸ್ಕೊಂಡು ಬಂದ್ವಿ."

ಗೆಂಚೊ ಅವನಿಗೊಂದು ಕುರ್ಚಿ ಎಳೆದು ಕೊಟ್ಟ. "ನೀನೂ ಯಾರ ಹತ್ರನಾದ್ರೂ ಜಗಳ ಆಡಪ್ಪ. ಬೇಡ ಅಂದೋರ್ಯಾರು?"

ಲ್ಯುಬೆನ್ ಕೂರಲಿಲ್ಲ. ಅವನು ಪಟದೊಂದಿಗೆ ಚೌಕ ಸೇರುವಷ್ಟರಲ್ಲಿ ಮೇಯರ್ ಭಾಷಣ ಮುಗಿಸಿ ಹೋಗಿದ್ದರು. ವಾಸಿಲ್ಕಾರಿಂದ ಬೈಗುಳವೂ ಅವನೊಬ್ಬನಿಗೇ ಸಿಕ್ಕಿತು. ನಿಜ ಹೇಳೋಣವೆಂದರೆ ನಂಬುವವರಾರು? ಗೆಂಚೊನ ಸಲಹೆಯೇ ಸರಿಯೆನ್ನಿಸಿತು.

ಮಧ್ಯಾಹ್ನ ಸಿಬ್ಬಂದಿಗೆಲ್ಲ ಹೋಟೆಲಿನಲ್ಲಿ ಊಟ. ಯಾರ ಮುಖ ನೋಡಿದರೂ ಲ್ಯುಬೆನ್‌ಗೆ ಜಗಳವಾಡಲು ಮನಸ್ಸು ಬರಲೊಲ್ಲದು. ಎರಡು ಲೋಟ ರಾಕಿಯಾ ಸಾರಾಯಿ ಏರಿಸಿ ಎದ್ದು ನಿಂತ.

"ಇವತ್ತಿಂದ ಈ ಶಾಲೇಲಿ ನಾನು ಯಾರ ಜತೇನೂ ಮಾತಾಡಲ್ಲ."

ಹದಿನಾಲ್ಕು ಫೋರ್ಕುಗಳು ಗಾಳಿಯಲ್ಲೇ ನಿಂತವು. ವಾಸಿಲ್ಕಾ ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರ ಕಣ್ಣು ತುಂಬಿ ಬಂದದ್ದು ನೋಡಿ ಲ್ಯುಬೆನ್‌ಗೆ ಒಂದು ಕ್ಷಣ ಪಾಪ ಅನ್ನಿಸಿತು.

ಜೂನ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಗೆ ಕಾವಲು ಕೂರುವವರೊಬ್ಬರು ಬೇಕೆಂದು ಅವರು ಎರಡು ತಿಂಗಳಿಂದ ಹುಡುಕುತ್ತಿದ್ದರಂತೆ. ತಿಂಗಳಿಡೀ, ಭಾನುವಾರವೂ ಸೇರಿ, ನೆಲಮಾಳಿಗೆಯ ಕೋಣೆಯಲ್ಲಿ ಬೀಗ ಹಾಕಿಕೊಂಡು ಕೂರಬೇಕು. ಒಂದಕ್ಷರ ಹೊರಗೆ ಬಿಡಬಾರದು. ಬಾಯಿ ಕಟ್ಟಿಕೊಂಡಿರಬಲ್ಲವರು ಈ ಶಾಲೆಯಲ್ಲಿ ಯಾರಿದ್ದಾರೆಂದು ನಿದ್ದೆಗೆಟ್ಟಿದ್ದರಂತೆ. ದೇವರು ದೊಡ್ಡವನು ಎಂದು ಹೇಳಿ, ಈ ಕೆಲಸ ಲ್ಯುಬೆನ್‌ಗೆ ಕೊಡಲು ಒಪ್ಪಿಗೆಯಿದ್ದವರು ಕೈ ಎತ್ತಿ ಎಂದರು.

ಯಾವ ವಿಷಯಕ್ಕೂ ಒಂದಾಗದ ಶಾಲೆಯಲ್ಲಿ ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದವು. ಮೇಜಿನ ಎರಡು ತುದಿಗಳಲ್ಲಿ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತಿದ್ದ ರಾಡ್ಕಾ, ಗೆಂಚೊ ಎರಡೆರಡು ಕೈ ಎತ್ತಿದ್ದರು.

"ಮೇಡಂ, ನಾನು ಹೇಳಿದ್ದು ಏನಂದ್ರೆ..."

ವಾಸಿಲ್ಕಾ ಅವನ ಭುಜ ತಟ್ಟಿ ಮೆಲ್ಲಗೆ ಕೂರಿಸಿದರು.

"ಬೇಡ, ಲ್ಯುಬೆನ್. ಮಾತು ಬಿಟ್ಟಿದ್ದೀರಿ. ನಮಗೋಸ್ಕರ ಅದನ್ನ ಮುರೀಬೇಡಿ."